ಬಲಗಡೆಯ ಮೊದಲ ಸಾಲು

ಜಾಲತಾಣ ತೆರೆದ ಕೂಡಲೇ ಕೆಂಪು ಮಖಮಲ್ಲಿನ ಪರದೆ ಎರಡು ಪಾಲಾಗಿ ಸರಿಯಬೇಕು, ಹಿನ್ನೆಲೆಯಲ್ಲಿ ಶಹನಾಯಿ ಕೇಳಬೇಕು, ಆಮೇಲೆ ಅಂಗಡಿಯ ಹೆಸರು ಕಾಣಬೇಕು. ಇದು ಮಾಲೀಕರ ಹಟ. ಆ ದಿನಗಳ ಇಂಟರ್ನೆಟ್ಟಿನಲ್ಲಿ ಆ ಪರದೆ ಪೂರ್ತಿ ಸರಿಯಲು ಹೆಚ್ಚು ಕಡಿಮೆ ಒಂದು ನಿಮಿಷ ಹಿಡಿಯುತ್ತಿತ್ತು. ಯಾವ ಗಿರಾಕಿಯೂ ಅಷ್ಟು ಹೊತ್ತು ಕಾಯುವುದಿಲ್ಲ ಎಂದು ನಾನು ಹೇಳಿದೆ. "ನಾಟಕಕ್ಕ ಬಂದ ಮಂದಿ ಪಡದಾ ಏಳೂತನಕ ಕಾಯಂಗಿಲ್ಲೇನ್ರಿ ಮೇಡಂ?" ಎಂದು ಅವರು ಕೇಳಿದರು. ನಾಟಕಕ್ಕೆ ಬಂದವರು ಟಿಕೆಟ್ಟಿಗೆ ದುಡ್ಡು ಕೊಟ್ಟಿರುತ್ತಾರೆ, ಎದ್ದು ಹೋಗಲು ಮನಸ್ಸು ಬರುವುದಿಲ್ಲ ಎನ್ನಬೇಕೆನಿಸಿತು. ಅನ್ನಲಿಲ್ಲ. ಆ ವರ್ಷ ನಾನು ನುಂಗಿಕೊಂಡ ಮಾತುಗಳನ್ನೆಲ್ಲ ಒಟ್ಟು ಮಾಡಿದರೆ ಇನ್ನೊಂದು ಜಾಲತಾಣವೇ ಆದೀತು.

ಅವರದು ನಾರಾಯಣಗೂಡದ ಒಂದು ಗಲ್ಲಿಯಲ್ಲಿ ನಾಟಕದ ಪೋಷಾಕುಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ಬೀದರ್ ಕಡೆಯಿಂದ ಬಂದ ಅವರ ತಂದೆ ಶುರು ಮಾಡಿದ್ದು. ಕಿರೀಟ, ಗದೆ, ಜರಿ ಅಂಚಿನ ನಿಲುವಂಗಿ, ಋಷಿಗಳ ಗಡ್ಡ, ಬಗೆಬಗೆಯ ಮೀಸೆ, ಎಲ್ಲವೂ ಗೋಡೆಯ ಗೂಟಗಳಿಗೆ ನೇತುಬಿದ್ದಿದ್ದವು. ಶಾಲೆಯ ವಾರ್ಷಿಕೋತ್ಸವ, ಭಜನಾ ಮಂಡಳಿಯ ನಾಟಕ, ಇಷ್ಟೇ ಗಿರಾಕಿ. ಅದೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿತ್ತು.

ನಾನು ಮೈಸೂರಿನಿಂದ ಬಂದು ಅಮೀರ್‌ಪೇಟೆಯಲ್ಲಿ ನಾಲ್ಕು ಜನರ ಒಂದು ಸಣ್ಣ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೆ. ಸಣ್ಣ ವ್ಯಾಪಾರಿಗಳಿಗೆ ಜಾಲತಾಣ ಮಾಡಿಕೊಡುವುದು ನಮ್ಮ ಕಸುಬು. ಮಾಧಾಪುರದ ಕಡೆ ತಿಂಗಳಿಗೊಂದು ಗಾಜಿನ ಕಟ್ಟಡ ಎದ್ದು ನಿಲ್ಲುತ್ತಿದ್ದ ಕಾಲ ಅದು. ಆ ಕಟ್ಟಡಗಳ ಒಳಗಿದ್ದವರಿಗೆ ವಾರ್ಷಿಕೋತ್ಸವ, ಹಬ್ಬದ ಉಡುಗೆಯ ದಿನ, ತಂಡ ತಂಡಗಳ ನಾಟಕದ ಪೈಪೋಟಿ ಎಂದು ಏನಾದರೂ ಒಂದು ನಡೆದೇ ಇರುತ್ತಿತ್ತು. ಅವರಿಗೆ ಕಿರೀಟ ಬೇಕು, ನಮ್ಮ ಮಾಲೀಕರ ಹತ್ತಿರ ಗೋಡೆ ತುಂಬ ಕಿರೀಟ ಇವೆ. ಆದರೆ ಅವರು ನಾರಾಯಣಗೂಡದ ಗಲ್ಲಿಗೆ ಬರುವವರಲ್ಲ, ಕೂತಲ್ಲೇ ಕಂಪ್ಯೂಟರಿನಲ್ಲಿ ಹುಡುಕುವವರು. ಅವರು ಹುಡುಕಿದಾಗ ನಮ್ಮ ಅಂಗಡಿ ಸಿಗಬೇಕು. ಆ ಕೆಲಸವನ್ನು ಬಾಸ್ ನನ್ನ ತಲೆಗೆ ಕಟ್ಟಿದ.

ಮೊದಲ ದಿನ ಅಂಗಡಿಗೆ ಹೋಗಿ ಅಲ್ಲಿನ ಕಂಪ್ಯೂಟರಿಗೆ ಕೈ ಹಚ್ಚಿದ ಕೂಡಲೇ ಇಡೀ ಗಲ್ಲಿಯ ಕರೆಂಟ್ ಹೋಯಿತು. ಮಾಲೀಕರು ನನ್ನ ಕೈಯನ್ನೇ ಒಂದು ಗಳಿಗೆ ನೋಡಿದರು. ನಾನು ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಕರೆಂಟ್ ಬರುವ ತನಕ ಕೂತು ಮಾತಾಡಿದಾಗ ಪರಿಸ್ಥಿತಿ ತಿಳಿಯಿತು. ಮಾಲೀಕರ ತಮ್ಮ ಅಂಗಡಿಯ ಮುಂದಿನ ಹಾಲನ್ನು ಒಂದು ಕೋಚಿಂಗ್ ಸೆಂಟರಿಗೆ ಕೊಡುವ ಮಾತಾಡಿ ಬಂದಿದ್ದ. ಪೋಷಾಕುಗಳನ್ನು ಸಿನಿಮಾದವರ ಗೋದಾಮಿಗೆ ಸಾಗಿಸಿಬಿಟ್ಟರೆ ಮುಗಿಯಿತು, ಬಾಡಿಗೆ ತಾನಾಗಿ ಬರುತ್ತದೆ, ಈ ಗಡ್ಡ ಮೀಸೆಯ ಉಸಾಬರಿ ಯಾಕೆ ಎನ್ನುವುದು ಅವನ ವಾದ. ಮಾಲೀಕರು ಒಂದೇ ಗಡುವು ಕೇಳಿದ್ದರು. ಹೊಸ ವರ್ಷಕ್ಕೆ ನಾಂಪಲ್ಲಿಯಲ್ಲಿ ನುಮಾಯಿಷ್ ಎಂಬ ದೊಡ್ಡ ವಸ್ತುಪ್ರದರ್ಶನ ಶುರುವಾಗುವುದರೊಳಗೆ ಇಂಟರ್ನೆಟ್ಟಿನಿಂದ ಗಿರಾಕಿ ಬಂದರೆ ಸರಿ, ಇಲ್ಲದಿದ್ದರೆ ತಾವು ಅಡ್ಡ ಬರುವುದಿಲ್ಲ ಎಂದು ತಮ್ಮನಿಗೆ ಮಾತು ಕೊಟ್ಟಿದ್ದರು.

ಆ ಹಾಲಿನ ಕಿಟಕಿ ಪಕ್ಕದಲ್ಲಿ ಒಂದು ಹೊಲಿಗೆ ಮಶೀನು, ಅದರ ಹಿಂದೆ ಮಾವಶಿ. ಎಲ್ಲರೂ ಹಾಗೇ ಕರೆಯುತ್ತಿದ್ದರಿಂದ ನಾನೂ ಹಾಗೇ ಕರೆದೆ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಅಲ್ಲಿ ರಾಜರ ಹರಿದ ಜರಿ, ರಾಕ್ಷಸರ ಉದುರಿದ ಗುಂಡಿ ಹೊಲಿಯುತ್ತ ಬಂದ ಹೆಂಗಸು. ಬೇರೆ ದಿಕ್ಕಿರಲಿಲ್ಲ. ಮಾಲೀಕರು ಒಳಗೆ ಹೋದಾಗ ಆಕೆ ನನ್ನ ಹತ್ತಿರ ಮೆಲ್ಲಗೆ ಹೇಳಿದಳು, "ನೋಡು ತಂಗಿ, ನನಗ ನಿನ್ನ ಕಂಪ್ಯೂಟರ್ ತಿಳಿಯಂಗಿಲ್ಲ. ಈ ಮಶೀನ್ ಒಂದು ಇಲ್ಲೇ ಉಳೀಲಿ. ಈ ವಯಸ್ಸಿನ್ಯಾಗ ನಾ ಇನ್ನೊಬ್ಬರ ಮನಿಯಾಗ ಭಾಂಡೆ ತಿಕ್ಕಾಕ ಹೋಗಲೇನು?" ಆಗುತ್ತೆ ಮಾವಶಿ ಎಂದುಬಿಟ್ಟೆ.

ಮೊದಲ ತಿಂಗಳು ಶಾಸ್ತ್ರೋಕ್ತವಾಗಿ ನಡೆಯಿತು. ಜನ ಯಾವ ಪದ ಹಾಕಿ ಹುಡುಕಬಹುದು ಎಂದು ಪಟ್ಟಿ ಮಾಡಿದೆ. ಪ್ರತಿ ಪುಟಕ್ಕೂ ಬೇರೆ ಬೇರೆ ತಲೆಬರಹ ಬರೆದೆ. ಉಚಿತವಾಗಿ ಹೆಸರು ಸೇರಿಸಿಕೊಳ್ಳುವ ವ್ಯಾಪಾರಿ ಪಟ್ಟಿಗಳಿಗೆಲ್ಲ ಅಂಗಡಿಯ ವಿಳಾಸ ಒಂದೊಂದಾಗಿ ತುಂಬಿದೆ. ಒಳ್ಳೆಯ ಪೋಷಾಕುಗಳನ್ನು ಬೊಂಬೆಗಳಿಗೆ ತೊಡಿಸಿ ಫೋಟೋ ತೆಗೆದು ಹಾಕಿದೆ. ಪುಟದ ಕೆಳಗೆ ಎಷ್ಟು ಜನ ಬಂದರು ಎಂದು ತೋರಿಸುವ ಅಂಕಿ ಇತ್ತು. ಅದು ಏರತೊಡಗಿತು. ಮೂರು ವಾರದಲ್ಲಿ ಸಾವಿರ ದಾಟಿದಾಗ ಮಾಲೀಕರು ಗಲ್ಲಿಗೆಲ್ಲ ಪೇಢಾ ಹಂಚಿದರು. ನನಗೂ ಎರಡು ಕೊಟ್ಟರು.

ಫೋನ್ ಮಾತ್ರ ಒಂದೂ ಬರಲಿಲ್ಲ. ಸಾವಿರ ಜನ ಬಂದು ಒಬ್ಬನೂ ಒಂದು ಮೀಸೆಯನ್ನಾದರೂ ಕೇಳಬಾರದೆ ಎಂದು ತಲೆ ಕೆಟ್ಟು, ಬಂದವರು ಎಲ್ಲಿಂದ ಬಂದರು, ಯಾವ ಪುಟ ನೋಡಿದರು ಎಂಬ ದಾಖಲೆ ತೆಗೆದು ಕೂತೆ. ಮುಕ್ಕಾಲು ಪಾಲು ಜನ ಒಂದೇ ಒಂದು ಫೋಟೋಕ್ಕೆ ಬಂದಿದ್ದರು. ಗದೆ ಹಿಡಿದ ಹನುಮಂತನ ವೇಷದ ಬೊಂಬೆ. ಇಂದೋರಿನವರು, ಪಾಟ್ನಾದವರು, ಕಠ್ಮಂಡುವಿನವರು, ಯಾರು ಯಾರೋ ತಮ್ಮ ಕಂಪ್ಯೂಟರಿನ ತೆರೆಗೆ ಹಾಕಿಕೊಳ್ಳಲು ಹನುಮಪ್ಪನ ಪಟ ಹುಡುಕುತ್ತ ಬಂದು, ಪಟ ಇಳಿಸಿಕೊಂಡು ಹೋಗುತ್ತಿದ್ದರು. ದರ್ಶನಕ್ಕೆ ಬಂದವರು ಬಟ್ಟೆ ಬಾಡಿಗೆ ಕೇಳುತ್ತಾರೆಯೇ? ಆ ಫೋಟೋ ತೆಗೆದೆ. ಅಂಕಿ ಧೊಪ್ಪನೆ ಬಿತ್ತು. ಪೇಢಾ ಹಂಚಿದ್ದಕ್ಕೇ ಯಾರದೋ ಕಣ್ಣು ಬಿತ್ತು ಎಂದು ಮಾಲೀಕರು ಕಂಪ್ಯೂಟರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು.

ಇನ್ನು ದುಡ್ಡು ಕೊಟ್ಟೇ ಜಾಹೀರಾತು ಹಾಕಬೇಕು ಎಂದು ಬಾಸ್ ತೀರ್ಮಾನಿಸಿದ. ಆಗ ಹುಡುಕಿದ ಫಲಿತಾಂಶಗಳು ಎಡಕ್ಕೆ, ದುಡ್ಡು ಕೊಟ್ಟವರ ಸಾಲುಗಳು ಬಲಕ್ಕೆ ಕಾಣುತ್ತಿದ್ದವು. ಸಾಲು ಕಂಡದ್ದಕ್ಕೆ ಖರ್ಚಿಲ್ಲ. ಯಾರಾದರೂ ಅದನ್ನು ಒತ್ತಿದರೆ ಮಾತ್ರ ನಮ್ಮ ಖಾತೆಯಿಂದ ಇಷ್ಟು ಅಂತ ಕಡಿತ. ದಿನಕ್ಕೆ ಹದಿನೈದು ಸಲ ಒತ್ತುವಷ್ಟು ಮಿತಿ ಇಟ್ಟೆವು. ಮಿತಿ ಮುಗಿದರೆ ಆ ದಿನದ ಮಟ್ಟಿಗೆ ನಮ್ಮ ಸಾಲು ಮಾಯ, ಮತ್ತೆ ಮರುದಿನ ಹಾಜರು. ಹೈದರಾಬಾದಿನಲ್ಲಿ ಹುಡುಕುವವರಿಗಷ್ಟೇ ಕಾಣುವಂತೆ ಮಾಡಿದ್ದೆವು. ಈ ಲೆಕ್ಕವನ್ನೆಲ್ಲ ಮಾಲೀಕರಿಗೆ ಹೇಳಿ ಗೊಂದಲ ಮಾಡಬೇಡ, ತಿಂಗಳ ಬಿಲ್ಲಿನಲ್ಲಿ ಸೇರಿಸಿದರಾಯಿತು ಎಂದ ಬಾಸ್. ನನಗೂ ಸರಿಯೆನಿಸಿತು. ಪರದೆಯ ವಿಷಯ ತಿಳಿಸಿ ಹೇಳಿಯೇ ನನ್ನ ಗಂಟಲು ಒಣಗಿತ್ತು.

ಹಾಗಾಗಿ ಮಾಲೀಕರಿಗೆ ಹೇಳಿದ್ದು ಇಷ್ಟೇ. ಹೀಗೆ ಹುಡುಕಬೇಕು, ಬಲಗಡೆಯ ಮೊದಲ ಸಾಲು ನಮ್ಮದು, ಅದನ್ನು ಒತ್ತಿದವರು ನೇರ ನಮ್ಮ ಅಂಗಡಿಯೊಳಗೆ ಬರುತ್ತಾರೆ. ಅವರು ಕನ್ನಡಕ ಸರಿ ಮಾಡಿಕೊಂಡು ನೋಡಿ, ಹುಡುಕುವ ಪದಗಳನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡರು. "ಬಲಕ್ಕ ಬಂದೈತಿ. ಭಾಳ ಚಲೋ ಆತು" ಎಂದು ಮಾನಿಟರಿಗೆ ಕೈ ಮುಗಿದರು. ನಾನು ತುಟಿ ಕಚ್ಚಿ ನಗು ತಡೆದೆ.

ಮರುವಾರದಿಂದ ವರದಿ ನೋಡಿದರೆ ಆಶ್ಚರ್ಯ. ದಿನಾ ಹದಿನೈದಕ್ಕೆ ಹದಿನೈದೂ ಮುಗಿಯುತ್ತಿತ್ತು. ಒಂದು ದಿನವೂ ತಪ್ಪುತ್ತಿರಲಿಲ್ಲ. ಆದರೆ ಮತ್ತೆ ಅದೇ ಹಾಡು, ಫೋನ್ ಇಲ್ಲ, ಕಾಗದ ಇಲ್ಲ. ಬಂದವರು ನಾಲ್ಕು ಸೆಕೆಂಡ್ ನಿಂತು ಹೊರಟುಹೋಗುತ್ತಿದ್ದರು. ನಾಲ್ಕು ಸೆಕೆಂಡಿನಲ್ಲಿ ಪರದೆ ಮೊಳದಷ್ಟೂ ಸರಿದಿರುವುದಿಲ್ಲ. ನನಗೆ ಸಾಕ್ಷಿ ಸಿಕ್ಕಿತು. ಈ ಪರದೆಯೇ ಪಾಪಿ ಎಂದು ಒಂದು ಸಂಜೆ ಯಾರಿಗೂ ಹೇಳದೆ ಕೇಳದೆ ಅದನ್ನು ಕಿತ್ತುಹಾಕಿದೆ.

ಮರುದಿನ ಏಳೂವರೆಗೆಲ್ಲ ನಾನಿದ್ದ ಹಾಸ್ಟೆಲಿಗೆ ಫೋನು. ನಾನು ಬ್ರಷ್ ಬಾಯಲ್ಲಿಟ್ಟುಕೊಂಡೇ ಓಡಿಬಂದೆ. ಪಡದಾ ಎಲ್ಲಿ ಹೋಯಿತು, ಯಾರನ್ನು ಕೇಳಿ ತೆಗೆದಿರಿ ಎಂದು ಮಾಲೀಕರು ಬೆಳಗಾಗುತ್ತಲೇ ಜೋರು ಮಾಡಿದರು. ಇಷ್ಟು ಬೇಗ ಇವರಿಗೆ ಹೇಗೆ ಗೊತ್ತಾಯಿತು ಎಂಬ ಪ್ರಶ್ನೆ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಸಿಟ್ಟು ಮಾತ್ರ ಬಂತು. ಪರದೆಯನ್ನು ವಾಪಸ್ ಹಾಕಿ, ಮೂಲೆಯಲ್ಲಿ ಸಣ್ಣದಾಗಿ 'ನೇರ ಒಳಗೆ ಬನ್ನಿ' ಎಂಬ ಗುಂಡಿ ಇಟ್ಟೆ. ಅದಕ್ಕೂ ಅವರ ಮುಖ ಗಂಟಾಯಿತು.

ನವೆಂಬರ್ ಹೊತ್ತಿಗೆ ನನಗೆ ಆ ಗಲ್ಲಿ ನೆನಸಿಕೊಂಡರೆ ತಲೆನೋವು ಶುರುವಾಗುತ್ತಿತ್ತು. ಕೊನೆಯದಾಗಿ ಜಾಹೀರಾತಿನ ಮಾತನ್ನೇ ಬದಲಿಸಿದೆ. 'ನಾಟಕದ ಪೋಷಾಕು ಬಾಡಿಗೆಗೆ' ಎಂದಿದ್ದನ್ನು ತೆಗೆದು 'ನಿಮ್ಮ ಆಫೀಸಿನ ಉತ್ಸವಕ್ಕೆ ರಾಜರ ಉಡುಪು, ಅಳತೆ ತೆಗೆದುಕೊಳ್ಳಲು ನಾವೇ ಬರುತ್ತೇವೆ' ಎಂದು ಹಾಕಿದೆ. ಮರುದಿನ ಮಾಲೀಕರು ಊರಲ್ಲಿಲ್ಲ ಎಂದು ತಿಳಿಯಿತು. ಭಾಲ್ಕಿ ಕಡೆ ಅವರ ದೊಡ್ಡಪ್ಪನ ಮಗ ತೀರಿಕೊಂಡಿದ್ದರು. ಹತ್ತು ದಿನ ಸೂತಕ, ಆಮೇಲೇ ಬರುವುದು. ಮಾವಶಿ ಅಂಗಡಿ ಬಾಗಿಲು ತೆರೆದು ಕೂತಿರಲಿ ಎಂದು ಹೇಳಿ ಹೋಗಿದ್ದರು.

ಆ ದಿನ ಹನ್ನೊಂದು ಗಂಟೆಗೆ ಮೊದಲ ಫೋನ್ ಬಂತು. ಮಧ್ಯಾಹ್ನ ಇನ್ನೊಂದು. ಮರುದಿನ ಮೂರು. ಮಾವಶಿಗೆ ಇಂಗ್ಲಿಷ್ ಬಾರದು. ಪ್ರತಿ ಸಲ ನಂಬರ್ ಬರೆದುಕೊಂಡು ನನಗೆ ತಿರುಗಿ ಫೋನ್ ಮಾಡುತ್ತಿದ್ದಳು. ನಾನು ಅವರೊಡನೆ ಮಾತಾಡುತ್ತಿದ್ದೆ. ಮಾಧಾಪುರದ ಒಂದು ಕಂಪನಿಯ ಎಚ್‌ಆರ್ ಹುಡುಗಿ ಮೂವತ್ತು ಜನಕ್ಕೆ ದರ್ಬಾರಿನ ಉಡುಪು ಬೇಕು ಎಂದಳು. ಡಿಸೆಂಬರಿನಲ್ಲಿ ನಾಟಕ, ಮುಂದಿನ ವಾರ ಮ್ಯಾನೇಜರಿಗೆ ಜಾಲತಾಣ ತೋರಿಸಿ ಪಕ್ಕಾ ಮಾಡುತ್ತೇನೆ ಎಂದಳು. ಜನ ಈಗ ನಾಲ್ಕು ಸೆಕೆಂಡಿಗೆ ಓಡುತ್ತಿರಲಿಲ್ಲ, ಆ ಸಣ್ಣ ಗುಂಡಿ ಒತ್ತಿ ಒಳಗೆ ಹೋಗಿ ನಿಧಾನವಾಗಿ ನೋಡುತ್ತಿದ್ದರು. ನನ್ನ ಒಂದು ಸಾಲಿನ ಮಹಿಮೆ ಎಂದು ಬಾಸ್ ಇಡೀ ಆಫೀಸಿಗೆ ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತು ತರಿಸಿದ. ನಾನು ಬೇಡವೆನ್ನಲಿಲ್ಲ. ಬೀಗಿದೆ ಎಂದೇ ಹೇಳಬೇಕು. ಪದಗಳ ಶಕ್ತಿಯ ಬಗ್ಗೆ ಹೊಸದಾಗಿ ಸೇರಿದವನಿಗೆ ಒಂದು ಪಾಠವನ್ನೂ ಮಾಡಿದೆ.

ಹನ್ನೆರಡನೇ ದಿನ ಮಾಲೀಕರು ವಾಪಸ್ ಬಂದರು. ಅದರ ಮರುದಿನದಿಂದ ಫೋನ್ ನಿಂತಿತು. ಎಷ್ಟು ಚೊಕ್ಕವಾಗಿ ನಿಂತಿತೆಂದರೆ ಟೆಲಿಫೋನ್ ಕೆಟ್ಟಿದೆಯೇನೋ ಎಂದು ಮಾವಶಿ ದಿನಕ್ಕೆ ನಾಲ್ಕು ಸಲ ರಿಸೀವರ್ ಎತ್ತಿ ನೋಡುತ್ತಿದ್ದಳಂತೆ. ವರದಿಯಲ್ಲಿ ಮಾತ್ರ ಹದಿನೈದಕ್ಕೆ ಹದಿನೈದು, ನಾಲ್ಕು ಸೆಕೆಂಡು. ಐದನೇ ದಿನ ಎಚ್‌ಆರ್ ಹುಡುಗಿಗೆ ನಾನೇ ಫೋನ್ ಮಾಡಿದೆ. ಆಕೆ ಸಂಕೋಚದಿಂದಲೇ ಹೇಳಿದಳು. ಸಂಜೆ ನಾಲ್ಕಕ್ಕೆ ಮ್ಯಾನೇಜರ್ ಮುಂದೆ ಹುಡುಕಿದರೆ ನಮ್ಮ ಸಾಲು ಎಲ್ಲೂ ಕಾಣಲಿಲ್ಲ. ಅಂಗಡಿಯ ಹೆಸರು ಆಕೆಗೆ ನೆನಪಿರಲಿಲ್ಲ. ಇವತ್ತು ಇದ್ದು ನಾಳೆ ಇಲ್ಲದ ಪೈಕಿ ಇವರು, ಇಂಥವರನ್ನು ನಂಬಿ ನಾಟಕದ ದಿನ ಬರಿಮೈಯಲ್ಲಿ ನಿಲ್ಲಬೇಕೇ ಎಂದು ಮ್ಯಾನೇಜರ್ ಬೇರೆಯವರಿಗೆ ಹೇಳಿಬಿಟ್ಟಿದ್ದ.

ನನಗೆ ಅಳುವೇ ಬಂತು. ಆಫೀಸಿನ ಎಲ್ಲ ಕಂಪ್ಯೂಟರಿನಲ್ಲೂ ಹುಡುಕಿದೆ. ನಿಜ, ನಮ್ಮ ಸಾಲು ಇರಲಿಲ್ಲ. ನಮ್ಮ ಜಾಹೀರಾತನ್ನು ನಾವೇ ಹುಡುಕಿ ನೋಡಕೂಡದು, ಕೈ ತಪ್ಪಿ ಒತ್ತಿದರೆ ಖರ್ಚು ಎಂದು ಬಾಸ್ ಕಟ್ಟಪ್ಪಣೆ ಮಾಡಿದ್ದ. ಆ ಶಿಸ್ತಿನಲ್ಲಿ, ಮಾಲೀಕರಿಗೆ ತೋರಿಸಿದ ದಿನ ಬಿಟ್ಟರೆ, ಎರಡು ತಿಂಗಳು ನಾನು ವರದಿ ನೋಡಿದ್ದೆನೇ ಹೊರತು ಜಾಹೀರಾತನ್ನು ನೋಡಿರಲಿಲ್ಲ. ಗಂಟೆಗಂಟೆಯ ಲೆಕ್ಕ ತೆಗೆದೆ. ಬೆಳಿಗ್ಗೆ ಏಳಕ್ಕೆ ಒತ್ತುವುದು ಶುರು, ಒಂಬತ್ತರೊಳಗೆ ಹದಿನೈದೂ ಖಲಾಸ್. ಮಾಧಾಪುರದವರು ಆಫೀಸಿಗೆ ಬಂದು ಚಹಾ ಕುಡಿದು ಕಂಪ್ಯೂಟರ್ ತೆರೆಯುವ ಹೊತ್ತಿಗೆ ನಮ್ಮ ಅಂಗಡಿಯ ಬೋರ್ಡು ಇಳಿದಿರುತ್ತಿತ್ತು. ಆ ಹತ್ತು ದಿನ ಬಿಟ್ಟರೆ ಮೊದಲಿನಿಂದಲೂ ಹೀಗೇ.

ಇದು ಎದುರಾಳಿಯ ಕೆಲಸ, ಸುಲ್ತಾನ್ ಬಜಾರ್ ಕಡೆಯ ಯಾವನೋ ಬೆಳಿಗ್ಗೆ ಎದ್ದು ಇದೇ ಕಸುಬು ಮಾಡುತ್ತಿದ್ದಾನೆ ಎಂದ ಬಾಸ್. ಜಾಹೀರಾತಿನ ಕಂಪನಿಗೆ ದೂರು ಬರೆದೆ. ನಿಮ್ಮ ಪತ್ರ ನಮಗೆ ಅಮೂಲ್ಯ ಎಂಬ ಧಾಟಿಯ ಉತ್ತರ ಬಂತು, ಅದರಲ್ಲಿ ನನ್ನ ಹೆಸರೊಂದು ಬಿಟ್ಟು ನನಗೆ ಸಂಬಂಧಪಟ್ಟದ್ದು ಏನೂ ಇರಲಿಲ್ಲ. ಡಿಸೆಂಬರ್ ಹತ್ತಿರ ಬಂದಿತ್ತು. ಕೋಚಿಂಗ್ ಸೆಂಟರಿನವನು ಆಗಲೇ ಒಂದು ಸಲ ಟೇಪು ಹಿಡಿದು ಬಂದು ಹಾಲಿನ ಅಳತೆ ತೆಗೆದಿದ್ದ. ಬೆಂಚು ಸಾಲಾಗಿ ಕೂರಲು ಮಾವಶಿಯ ಮಶೀನು ಅಡ್ಡ ಎಂದಿದ್ದನಂತೆ.

ಬೆಳಗಿನ ಆ ಎರಡು ಗಂಟೆಯಲ್ಲಿ ಏನಾಗುತ್ತದೆ ಎಂದು ಕಣ್ಣಾರೆ ನೋಡಬೇಕು, ಅದೂ ಅಂಗಡಿಯ ಕಂಪ್ಯೂಟರಿನಲ್ಲೇ ಕೂತು, ಮಾಲೀಕರ ಎದುರಿಗೇ ನೋಡಬೇಕು ಎಂದು ನಿರ್ಧರಿಸಿದೆ. ಹೇಳದೆಯೇ ಹೋದೆ. ಅಮೀರ್‌ಪೇಟೆಯಿಂದ ಬೆಳಗಿನ ಬಸ್ಸು ಹಿಡಿದು ಏಳು ದಾಟುವ ಹೊತ್ತಿಗೆ ಗಲ್ಲಿಯಲ್ಲಿದ್ದೆ. ಅಂಗಡಿಯ ಬಾಗಿಲು ತೆರೆದಿತ್ತು. ಹೊಸ್ತಿಲಿಗೆ ನೀರು ಹಾಕಿ ರಂಗೋಲಿ ಎಳೆದಿತ್ತು. ಒಳಗೆ ಊದುಬತ್ತಿಯ ಹೊಗೆ, ಕಂಪ್ಯೂಟರಿಗೆ ಕುಂಕುಮ, ಒಂದು ಎಸಳು ಕನಕಾಂಬರ. ಮಾಲೀಕರು ನನಗೆ ಬೆನ್ನು ಮಾಡಿ ಫೋನಿನಲ್ಲಿ ಮಾತಾಡುತ್ತಿದ್ದರು.

"ಹಾಂ, ಜಳಕಾ ಆತೇನು? ಚೀಟಿ ನೋಡಿ ಬರಿ. ಬಲಗಡಿ ಮೊದಲನೇ ಸಾಲು. ಹಾಂ, ಒತ್ತಿದ್ಯಾ? ಬಸ್, ಬಂದ್ ಮಾಡು. ಇನ್ನ ನಿನ್ನ ಹೇಣತಿ ಕಡಿಂದ ಒಮ್ಮೆ ಒತ್ತಸು, ಆಕಿ ಕೈ ಭಾಳ ಚಲೋ ಐತಿ."

ಫೋನ್ ಇಟ್ಟರು. ಕೈಯಲ್ಲಿದ್ದ ಪಟ್ಟಿಯಲ್ಲಿ ಒಂದು ಗುರುತು ಹಾಕಿದರು. ಮುಂದಿನ ನಂಬರ್ ತಿರುಗಿಸಲು ಹೋಗುವಾಗ ನನ್ನನ್ನು ನೋಡಿ, ಬರ್ರಿ ಮೇಡಂ, ಇಷ್ಟ ಲಗೂನ ಬಂದ್ರಿ ಎಂದು ನಕ್ಕರು. ನಾನು ಅಲ್ಲೇ ಇದ್ದ ಸಿಂಹಾಸನದ ಮೇಲೆ ಕೂತುಬಿಟ್ಟೆ. ತಗಡಿನದು, ಕಿರ್ರೆಂದಿತು.

ಬೋಣಿ. ದಿನದ ಮೊದಲ ವ್ಯಾಪಾರ. ಹೈದರಾಬಾದಿನ ಯಾವ ಅಂಗಡಿಗಾದರೂ ಬೆಳಿಗ್ಗೆ ಹೋಗಿ ಏನೂ ಕೊಳ್ಳದೆ ಹೊರಬಂದು ನೋಡಿ, ಬೋಣಿ ಕೆಟ್ಟಿತು ಎಂದು ಸಂಜೆಯ ತನಕ ಬೈದುಕೊಳ್ಳುತ್ತಾರೆ. ಇವರ ಮನೆತನದಲ್ಲಂತೂ ಅದೊಂದು ವ್ರತ. ಕೈಗುಣ ಒಳ್ಳೆಯದಿರುವ ಮನೆಯವರು ಯಾರಾದರೂ ಬೆಳಿಗ್ಗೆ ಬಂದು ಒಂದು ಸಣ್ಣ ಮೀಸೆಯನ್ನಾದರೂ ಬಾಡಿಗೆಗೆ ಒಯ್ದು ಬೋಣಿ ಮಾಡಿಕೊಡುವುದು ತಂದೆಯ ಕಾಲದಿಂದ ನಡೆದು ಬಂದದ್ದು. ಈಗ ಅಂಗಡಿ ಕಂಪ್ಯೂಟರಿನೊಳಗೂ ಇದೆ ಎಂದ ಮೇಲೆ ಅದಕ್ಕೂ ಬೋಣಿ ಬೇಡವೇ? ಕಾಚಿಗೂಡ, ನಾರಾಯಣಗೂಡ, ಸಿಕಂದರಾಬಾದ್ ಎಂದು ಊರೆಲ್ಲ ಹರಡಿದ್ದ ಅಣ್ಣತಮ್ಮಂದಿರು, ಅವರ ಮಕ್ಕಳು ಸೊಸೆಯಂದಿರಿಗೆ ಆ ಚೀಟಿಯ ನಕಲು ಹಂಚಿದ್ದರು. ಮನೆಯಲ್ಲಿ ಕಂಪ್ಯೂಟರ್ ಇದ್ದವರು ಮನೆಯಲ್ಲಿ, ಇಲ್ಲದವರು ಹಾಲು ತರಲು ಹೋದಾಗ ನೆಟ್ ಸೆಂಟರಿನಲ್ಲಿ, ದಿನಾ ಸ್ನಾನ ಮಾಡಿ ಬಲಗಡೆಯ ಸಾಲನ್ನು ಒಂದೊಂದು ಸಲ ಒತ್ತುತ್ತಿದ್ದರು. ನಾಲ್ಕೈದು ಪುಟ ದಾಟಿ ಹೋದರೆ ಎಡಕ್ಕೂ ನಮ್ಮ ಹೆಸರು ಸಿಗುತ್ತಿತ್ತು, ಆದರೆ ಎಡಕ್ಕೆ ಬೋಣಿ ಯಾರು ಮಾಡುತ್ತಾರೆ?

"ಹಾಗಾದರೆ ಆ ಹತ್ತು ದಿನ?" ಎಂದೆ.

"ಸೂತಕ ಇತ್ತಲ್ರಿ. ಮನಿತನಕ್ಕ ಸೂತಕ ಇದ್ದಾಗ ಬೋಣಿ ಮಾಡ್ತಾರೇನು?"

ನನ್ನ ಸಾಲಿನ ಮಹಿಮೆ, ಬಿಸ್ಕತ್ತು, ಪದಗಳ ಶಕ್ತಿಯ ಪಾಠ ಎಲ್ಲವೂ ಆ ತಗಡಿನ ಸಿಂಹಾಸನದ ಮೇಲೆ ಕೂತಲ್ಲೇ ಮಣ್ಣುಪಾಲಾಯಿತು. ಮೈಯೆಲ್ಲ ಉರಿಯಿತು. ಒಂದು ಒತ್ತಿಗೆ ಇಷ್ಟು ಖರ್ಚು, ದಿನಕ್ಕೆ ಹದಿನೈದು ಮುಗಿದರೆ ಅಂಗಡಿ ಮಾಯ, ಅದು ಒಂಬತ್ತರೊಳಗೆ ಮುಗಿಯುತ್ತಿದೆ ಎಂದು ಮೊದಲ ಸಲ ಬಿಡಿಸಿ ಹೇಳಿದೆ. ಮೂವತ್ತು ಪೋಷಾಕಿನ ಕೆಲಸ ಯಾಕೆ ಕೈ ತಪ್ಪಿತು ಎಂಬುದನ್ನೂ ಹೇಳಿದೆ. ದನಿ ಏರಿತ್ತು. ಅವರು ಪಟ್ಟಿಯನ್ನು ಮಡಚಿ ಜೇಬಿಗಿಟ್ಟುಕೊಂಡರು.

"ಹಂಗಾರ ಇಷ್ಟ ದಿನ ನನ್ನ ಅಂಗಡಿ ಬಾಗಲಾ ನಾನಽ ಹಾಕೀನೇನ್ರಿ?" ಎಂದು ಕೇಳಿದರು. ಆಮೇಲೆ, "ಒತ್ತಿದ್ರ ರೊಕ್ಕ ಹೋಗತೈತಿ ಅಂತ ಒಬ್ಬರೂ ಹೇಳಲಿಲ್ಲಲ್ಲ" ಎಂದರು.

ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಹೇಳಲಿಲ್ಲ ನಿಜ. ಅವರಿಗೆ ಅರ್ಥವಾಗುವುದಿಲ್ಲ ಎಂದು ತೀರ್ಮಾನಿಸಿದವರು ನಾವು. ತಲೆಮಾರಿನಿಂದ ಅಂಗಡಿ ನಡೆಸಿದ ಮನುಷ್ಯನಿಗೆ ಖರ್ಚಿನ ಲೆಕ್ಕ ಗೊಂದಲ ಆಗುತ್ತದೆ ಎಂದುಕೊಂಡ ನಮ್ಮ ಜಾಣತನಕ್ಕೆ ಏನೆನ್ನಬೇಕು? ನನಗೆ ನಿಜಕ್ಕೂ ನಾಚಿಕೆಯಾಯಿತು. ಆ ನಾಚಿಕೆಯಲ್ಲೇ ಇನ್ನೊಂದು ಮಾತು ಕೇಳಿದೆ. ಊರಿನವರಿಗೆಲ್ಲ ಚೀಟಿ ಕೊಟ್ಟವರು ನನಗೇಕೆ ಒಂದು ಮಾತು ಹೇಳಲಿಲ್ಲ? ಅವರು ಅತ್ತಿತ್ತ ನೋಡಿ, ನಾನು ಮೊದಲ ದಿನ ಕೈ ಹಚ್ಚಿದ ಕೂಡಲೇ ಕರೆಂಟ್ ಹೋಗಿದ್ದನ್ನು ನೆನಪಿಸಿದರು. ತಪ್ಪು ತಿಳಿಯಬೇಡಿ, ಕೆಲಸ ಭಾಳ ಚಲೋ ಮಾಡ್ತೀರಿ, ಕೈಗುಣ ಮಾತ್ರ ಸ್ವಲ್ಪ ತಡ ಎಂದರು.

ನಿಲ್ಲಿಸಿ ಎಂದು ಹೇಳಿಬಿಡು ಅಷ್ಟೇ, ಎಂದ ಬಾಸ್. ಹೇಳುವುದು ಸುಲಭವಿರಲಿಲ್ಲ. ಮಾಲೀಕರು ಆ ದಿನವೇ ಎಲ್ಲರಿಗೂ ಫೋನ್ ಮಾಡಿ ನಿಲ್ಲಿಸಿದರು, ಆದರೆ ಮೂರೇ ದಿನಕ್ಕೆ ಅವರ ಮುಖ ನೋಡಲಾಗುತ್ತಿರಲಿಲ್ಲ. ಬೋಣಿ ನಿಲ್ಲಿಸುವುದೆಂದರೆ ಅಂಗಡಿ ನಿಲ್ಲಿಸಿದ ಹಾಗೆ, ಇನ್ನು ಕೋಚಿಂಗ್‌ನವನೇ ಬರಲಿ ಎಂಬ ಮಾತು ಅವರ ಬಾಯಿಂದಲೇ ಬಂತು. ನಾಲ್ಕನೇ ದಿನ ಒಬ್ಬ ಸೊಸೆ ತಡೆಯಲಾರದೆ ಗುಟ್ಟಾಗಿ ಒತ್ತಿದ್ದಳು. ನೀನೇ ಹೇಳು ಮಾವಶಿ, ಇದಕ್ಕೇನು ಮಾಡಲಿ ಎಂದು ನಾನು ಮಶೀನಿನ ಪಕ್ಕ ಕೂತು ಗೋಳು ಹೇಳಿಕೊಂಡೆ.

ಮಾವಶಿ ದಾರ ಕಚ್ಚಿ ಹರಿದು, "ನಮ್ಮ ಅಂಗಡಿಗೆ ಬೋಣಿ ಮಾಡಾಕ ಬಂದ ಮನಿ ಮಂದಿ ಯಾವತ್ತರ ಮುಂದಿನ ಬಾಗಲಿಂದ ಬಂದಾರೇನು? ಹಿತ್ತಲ ಬಾಗಲಿಂದ ಬರ್ತಾರ. ಮುಂದಿನ ಬಾಗಲಾ ಗಿರಾಕಿಗೆ. ನಿನ್ನ ಕಂಪ್ಯೂಟರಿಗೆ ಹಿತ್ತಲ ಬಾಗಲಾ ಇಲ್ಲೇನು ತಂಗಿ?" ಎಂದಳು.

ಇಷ್ಟು ದಿನ ಓದಿ ಬರೆದ ನನಗೆ ಅದು ಹೊಳೆದಿರಲಿಲ್ಲ. ಆ ಮಧ್ಯಾಹ್ನವೇ ಜಾಲತಾಣದಲ್ಲಿ ಇನ್ನೊಂದು ಪುಟ ಮಾಡಿದೆ. ಹುಡುಕಿದರೆ ಸಿಗದು, ವಿಳಾಸವನ್ನು ಅಕ್ಷರ ಅಕ್ಷರ ಹೊಡೆದೇ ಬರಬೇಕು. ಒತ್ತಿದರೆ ಯಾವ ಖರ್ಚೂ ಇಲ್ಲ. ನಡುವೆ ಒಂದು ದೀಪ, ಬಲಗಡೆಗೆ ಒಂದೇ ಒಂದು ಸಾಲು. ಮತ್ತೆ ನನ್ನ ಬಹಳ ದಿನದ ಆಸೆಯನ್ನೂ ತೀರಿಸಿಕೊಂಡೆ. ಕೆಂಪು ಪರದೆ, ಶಹನಾಯಿ ಎಲ್ಲವನ್ನೂ ಜಾಲತಾಣದ ಮೊದಲ ಪುಟದಿಂದ ಎತ್ತಿ ಈ ಸಾಲಿನ ಹಿಂದಕ್ಕೆ ಸಾಗಿಸಿದೆ. ಬೋಣಿಗೆ ಪರದೆ ಬೇಕು, ಅದು ಮನೆತನದ್ದು ಎಂದೆ. ಮಾಲೀಕರು ಯೋಚಿಸಿ ಒಪ್ಪಿದರು. ಹೊಸ ಚೀಟಿಗಳು ಹೋದವು. ಜಾಹೀರಾತನ್ನು ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ, ಆಫೀಸುಗಳು ತೆರೆದಿರುವ ದಿನ ಮಾತ್ರ ಕಾಣುವಂತೆ ಇಟ್ಟೆ. ಎಚ್‌ಆರ್ ಹುಡುಗಿಗೆ ಫೋನ್ ಮಾಡಿ ನಡೆದದ್ದನ್ನು ಇದ್ದ ಹಾಗೆ ಹೇಳಿದೆ. ಆಕೆ ಬಹಳ ಹೊತ್ತು ನಕ್ಕಳು. ಆ ಕೆಲಸ ವಾಪಸ್ ಬರಲಿಲ್ಲ. ಆದರೆ ಅದೇ ಕಟ್ಟಡದ ಬೇರೆ ಮಹಡಿಯ ಕಂಪನಿಯೊಂದಕ್ಕೆ ನಮ್ಮ ನಂಬರ್ ಕೊಟ್ಟಳು.

ಡಿಸೆಂಬರ್ ಎರಡನೇ ವಾರದಿಂದ ಫೋನ್ ಬರತೊಡಗಿತು. ಹಿಂದಿನಂತೆ ಹುರುಪಿನಿಂದ ಬೀಗುವ ಧೈರ್ಯ ನನಗಿರಲಿಲ್ಲ, ಪ್ರತಿ ಬೆಳಿಗ್ಗೆ ಯಾರ ಮನೆಯಲ್ಲಿ ಸೂತಕವೋ ಎಂದು ಮೊದಲು ಕೇಳುತ್ತಿದ್ದೆ. ಯಾರೂ ಸತ್ತಿರಲಿಲ್ಲ. ಮಾಲೀಕರೇ ಟ್ರಂಕು ಹೊತ್ತುಕೊಂಡು ಮಾಧಾಪುರಕ್ಕೆ ಅಳತೆಗೆ ಹೋಗಿಬಂದರು. ಸೆಕ್ಯೂರಿಟಿಯವರು ಗದೆಯನ್ನು ಗೇಟಿನಲ್ಲೇ ಇಟ್ಟುಕೊಂಡು ಚೀಟಿ ಕೊಟ್ಟರಂತೆ. ಮಾವಶಿಯ ಮಶೀನು ಬೆಳಗಿನಿಂದ ನಿಲ್ಲುತ್ತಿರಲಿಲ್ಲ. ದಪ್ಪ ಹೊಟ್ಟೆಯ ಸಾಫ್ಟ್‌ವೇರ್ ಇಂಜಿನಿಯರುಗಳಿಗೆ ಹಳೆಯ ರಾಜರ ಅಂಗಿಗಳು ಬಿಗಿಯಾಗುತ್ತಿದ್ದವು, ಎಲ್ಲವನ್ನೂ ಬಿಚ್ಚಿ ಅಗಲ ಮಾಡಬೇಕಿತ್ತು. ತಿಂಗಳ ಕೊನೆಗೆ ಕೋಚಿಂಗ್ ಸೆಂಟರಿನವನು ಮುಂಗಡ ಹಿಡಿದುಕೊಂಡು ಬಂದಾಗ ನಾನೂ ಅಲ್ಲಿದ್ದೆ. ಗೋಡೆಯ ಗೂಟಗಳು ಮುಕ್ಕಾಲು ಖಾಲಿ, ನೆಲದ ಮೇಲೆ ಕಟ್ಟಿದ ಗಂಟುಗಳು, ಕಾಲಿಡಲು ತಾವಿಲ್ಲ. ಮಾಲೀಕರು ಅವನನ್ನು ಕೂರಿಸಲಿಲ್ಲ, ಕೂರಿಸಲು ಜಾಗವಿರಲಿಲ್ಲ. "ನೋಡ್ರಿ, ನಮಗಽ ಜಾಗಾ ಸಾಲವಲ್ದು" ಎಂದರು. ಪಕ್ಕದಲ್ಲಿದ್ದ ತಮ್ಮ ಒಂದು ಗಂಟನ್ನು ಎತ್ತಿ ಆಟೋಕ್ಕೆ ಇಟ್ಟುಬಂದ. ಮಾವಶಿ ತಲೆ ಎತ್ತಲಿಲ್ಲ, ಮಶೀನ್ ಮಾತ್ರ ಒಂದು ಗಳಿಗೆ ನಿಂತು ಮತ್ತೆ ಓಡಿತು.

ನುಮಾಯಿಷ್ ಶುರುವಾಗುವ ದಿನ ಬೆಳಿಗ್ಗೆ ಏಳಕ್ಕೆ ಹಾಸ್ಟೆಲಿನಲ್ಲಿ ಮತ್ತೆ ಫೋನು. ಇನ್ನೇನು ಕಿತ್ತುಹೋಯಿತೋ ಎಂದು ಗೊಣಗುತ್ತ ಎತ್ತಿಕೊಂಡೆ.

"ತಂಗಿ, ಜಳಕಾ ಆಗೇತೇನವ್ವಾ?" ಮಾಲೀಕರು. ಅಲ್ಲಿಯ ತನಕ ನಾನು ಮೇಡಂ ಆಗಿದ್ದೆ. "ಇವತ್ತಿನ ಬೋಣಿ ನೀ ಮಾಡು."

ನನ್ನ ಕೈ ತಡ ಅಲ್ಲವೇ ಕಾಕಾ ಎಂದು ಕೆಣಕಿದೆ. ತಡಾ ಆದ್ರೂ ಬಂತಲ್ಲ ಎಂದು ಫೋನ್ ಇಟ್ಟರು.

ನನಗೆ ಇದರಲ್ಲೆಲ್ಲ ನಂಬಿಕೆ ಇರಲಿಲ್ಲ, ಈಗಲೂ ಇಲ್ಲ. ಆದರೂ ಸ್ನಾನ ಮುಗಿಸಿ, ಹಾಸ್ಟೆಲ್ ಎದುರಿನ ನೆಟ್ ಸೆಂಟರ್ ತೆರೆಸಿ ಕೂತೆ. ಆ ಉದ್ದದ ವಿಳಾಸವನ್ನು ಒಂದೊಂದೇ ಅಕ್ಷರ ಹೊಡೆದೆ. ಕರೆಂಟ್ ಹೋಗದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡು ಬಲಗಡೆಯ ಸಾಲನ್ನು ಒತ್ತಿದೆ. ಕೆಂಪು ಪರದೆ ನಡುಗಿ, ಸ್ವಲ್ಪ ಸರಿದು, ಎಂದಿನಂತೆ ಅರ್ಧದಲ್ಲಿ ನಿಂತಿತು. ಪಕ್ಕದ ಕಂಪ್ಯೂಟರಿನವನು ಇದೇನು ಎಂದು ಬಗ್ಗಿ ನೋಡಿದ. ನಾನು ಅದು ಪೂರ್ತಿ ತೆರೆದು, ಶಹನಾಯಿ ಮುಗಿಯುವ ತನಕ ಕೈ ಕಟ್ಟಿಕೊಂಡು ಕಾದೆ.